ಬೈಸಿಕೊಂಡವರು ಆಮೇಲೆ ಹೇಳದೆ ಬಿಡುವ ಮಾತು

ಆಪರೇಷನ್ ಸರಾಗವಾಗಿ ನಡೆಯುತ್ತಿರುವಾಗ ಓಟಿಯೊಳಗೆ, ಅಂದರೆ ಆಪರೇಷನ್ ಥಿಯೇಟರ್ ಒಳಗೆ, ಎಲ್ಲರೂ ಒಳ್ಳೆಯವರೇ. ಸರ್ಜನ್ ಪ್ರತಿ ಸಲ 'ಥ್ಯಾಂಕ್ಯೂ ಸಿಸ್ಟರ್' ಅನ್ನುತ್ತಾರೆ. ಅನಸ್ತೇಶಿಯಾ ಡಾಕ್ಟರ್ ಮಗಳ ಪರೀಕ್ಷೆಯ ವಿಷಯ ಹೇಳುತ್ತಾರೆ. ಟ್ರಾಲಿ ಪಕ್ಕ ನಿಂತ ಹೊಸ ಹುಡುಗಿಗೆ ಯಾರಾದರೊಬ್ಬರು ಏನಾದರೂ ಕಲಿಸುತ್ತಿರುತ್ತಾರೆ. ಅಷ್ಟರಲ್ಲಿ ಎಲ್ಲೋ ಒಂದು ರಕ್ತನಾಳ ಕೈ ತಪ್ಪುತ್ತದೆ. ರಕ್ತ ಹೀರುವ ಸಕ್ಷನ್ ಪೈಪಿನ ಸದ್ದು ಬೇರೆಯಾಗುತ್ತದೆ. ಮಾನಿಟರ್‌ನಲ್ಲಿ ಬಿಪಿ ಇಳಿಯುತ್ತದೆ. ಅಲ್ಲಿಂದ ಮುಂದೆ ಒಬ್ಬೊಬ್ಬರ ಮಾತು ಒಂದೊಂದು ಥರ.

ನಾನು ಆಪರೇಷನ್ ಥಿಯೇಟರ್ ನರ್ಸ್. ಕೆಲಸಕ್ಕೆ ಸೇರಿದಾಗಿನಿಂದ ಇದೇ ವಿಭಾಗ. ಬೇರೆ ವಾರ್ಡಿಗೆ ಹೋಗಬೇಕು ಅಂತ ಅನ್ನಿಸಿಲ್ಲ, ಈ ಕೆಲಸ ನನಗೆ ಅಷ್ಟು ಇಷ್ಟ. ಇಷ್ಟು ವರ್ಷ ಮಾಸ್ಕ್ ಹಿಂದೆ ನಿಂತು ನೋಡಿದ್ದರಲ್ಲಿ ನನ್ನನ್ನು ಹೆಚ್ಚು ಕಾಡಿದ ವಿಷಯ ಒಂದಿದೆ. ಒತ್ತಡದಲ್ಲಿ ಒಬ್ಬರು ಹೇಗೆ ಮಾತಾಡಿದರು ಅನ್ನುವುದು ಆ ಹೊತ್ತಿಗೇ ಮುಗಿಯುವುದಿಲ್ಲ. ಮುಂದಿನ ವಾರ, ಮುಂದಿನ ತಿಂಗಳು, ಅವರ ಜೊತೆ ಕೆಲಸ ಮಾಡುವವರು ಅವರಿಗೆ ಏನನ್ನು ಹೇಳುತ್ತಾರೆ, ಏನನ್ನು ನುಂಗಿಕೊಳ್ಳುತ್ತಾರೆ ಅನ್ನುವುದರಲ್ಲಿ ಅದು ಗೊತ್ತಾಗುತ್ತದೆ.

ಮೊದಲೇ ಒಂದು ಮಾತು. ಗಟ್ಟಿಯಾಗಿ ಮಾತಾಡುವುದು ಬೇರೆ, ಬೈಯುವುದು ಬೇರೆ. ಹೊರಗಿನವರಿಗೆ ಎರಡೂ ಒಂದೇ ಥರ ಕೇಳಿಸಬಹುದು. ರಕ್ತ ಉಕ್ಕುತ್ತಿರುವಾಗ 'ಸಿಸ್ಟರ್, ದಯವಿಟ್ಟು ಒಂದು ಆರ್ಟರಿ ಫೋರ್ಸೆಪ್ಸ್ ಕೊಡ್ತೀರಾ' ಅಂತ ಯಾರೂ ಕೇಳುವುದಿಲ್ಲ, ಕೇಳಲೂಬಾರದು. 'ಆರ್ಟರಿ! ಇನ್ನೊಂದು! ಮಾಪ್!' ಅಷ್ಟೇ. (ಆರ್ಟರಿ ಅಂದರೆ ರಕ್ತನಾಳ ಹಿಡಿಯುವ ಇಕ್ಕಳ, ಮಾಪ್ ಅಂದರೆ ರಕ್ತ ಹೀರುವ ಬಟ್ಟೆ.) ಇದರಲ್ಲಿ ನನ್ನ ಮರ್ಯಾದೆ ಹೋಯಿತು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ಆ ಮಾತೆಲ್ಲ ಗಾಯದ ಮೇಲೇ ಇದೆ. ನನ್ನ ಕೈಯೂ ಅಲ್ಲೇ ಇದೆ. ನಾವಿಬ್ಬರೂ ಒಂದೇ ಕಡೆ ನೋಡುತ್ತಿದ್ದೇವೆ.

'ಎಷ್ಟು ಸಲ ಹೇಳ್ಬೇಕ್ರೀ ನಿಮಗೆ? ಇಂಥವರನ್ನೆಲ್ಲ ಯಾರು ಓಟಿಗೆ ಹಾಕ್ತಾರೋ!' ಅಂದಾಗ ಮಾತು ಗಾಯವನ್ನು ಬಿಟ್ಟು ನನ್ನ ಮೇಲೆ ಬರುತ್ತದೆ. ಈಗ ನನ್ನ ತಲೆ ಎರಡು ಕೆಲಸ ಮಾಡಬೇಕು. ಮುಂದೆ ಯಾವ ಉಪಕರಣ ಬೇಕಾಗಬಹುದು ಅಂತ ಊಹಿಸಬೇಕು, ಜೊತೆಗೆ ಕಣ್ಣಲ್ಲಿ ನೀರು ಬರದ ಹಾಗೆ ನೋಡಿಕೊಳ್ಳಬೇಕು. ಕೈಗೆ ಗ್ಲೌಸ್ ಇದೆ, ಕಣ್ಣು ಒರೆಸಿಕೊಳ್ಳುವ ಹಾಗೂ ಇಲ್ಲ. ಆ ಎರಡನೇ ಕೆಲಸ ಮೊದಲನೆಯದರಿಂದ ಕದ್ದ ಗಮನದಲ್ಲೇ ನಡೆಯಬೇಕು. ಕೊನೆಗೆ ನಷ್ಟ ಆಗುವುದು ಟೇಬಲ್ ಮೇಲೆ ಮಲಗಿರುವವರಿಗೆ.

ಇದು ಬರೀ ನನ್ನ ಅನುಭವದ ಮಾತಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಇಸ್ರೇಲಿನಲ್ಲಿ ನವಜಾತ ಶಿಶುಗಳ ಐಸಿಯುಗಳಲ್ಲಿ ಕೆಲಸ ಮಾಡುವ ಡಾಕ್ಟರ್ ಮತ್ತು ನರ್ಸ್‌ಗಳ 24 ತಂಡಗಳ ಮೇಲೆ ಒಂದು ಅಧ್ಯಯನ ಮಾಡಿದರು. 2015ರಲ್ಲಿ ಅದು ಪ್ರಕಟವಾಯಿತು. ಎಲ್ಲ ತಂಡಗಳಿಗೂ ಒಂದೇ ಅಣಕು ಕೇಸ್. ದಿನ ತುಂಬದೆ ಹುಟ್ಟಿದ ಮಗು, ಕರುಳಿನ ಕಾಯಿಲೆಯಿಂದ ಇದ್ದಕ್ಕಿದ್ದ ಹಾಗೆ ಸ್ಥಿತಿ ಬಿಗಡಾಯಿಸುತ್ತದೆ. ವಿದೇಶದ ತಜ್ಞರೊಬ್ಬರು ನೋಡುತ್ತಿದ್ದಾರೆ ಅಂತ ಎಲ್ಲರಿಗೂ ಹೇಳಿದ್ದರು. ಕೆಲವು ತಂಡಗಳಿಗೆ ಆ ತಜ್ಞರ ಕಡೆಯಿಂದ ಸ್ವಲ್ಪ ಮರ್ಯಾದೆ ಇಲ್ಲದ, ಹಗುರವಾದ ಮಾತು ಕೇಳಿಬಂತು. ಅದು ಕೂಗಾಟ ಅಲ್ಲ, ಕೆಟ್ಟ ಬೈಗುಳವೂ ಅಲ್ಲ. ಆ ತಂಡದವರು ಅವತ್ತು ಮಾಡುತ್ತಿದ್ದ ಕೆಲಸಕ್ಕೂ ಆ ಮಾತಿಗೂ ಸಂಬಂಧವೇ ಇರಲಿಲ್ಲ. ಉಳಿದ ತಂಡಗಳಿಗೆ ಸಾಧಾರಣ ಮಾತು. ಯಾವ ತಂಡಕ್ಕೆ ಏನು ಹೇಳಿದ್ದಾರೆ ಅಂತ ಗೊತ್ತಿಲ್ಲದ ತೀರ್ಪುಗಾರರು ವಿಡಿಯೊ ನೋಡಿ ಅಂಕ ಕೊಟ್ಟರು.

ಹಗುರವಾದ ಮಾತು ಕೇಳಿಸಿಕೊಂಡ ತಂಡಗಳು ರೋಗ ಪತ್ತೆ ಹಚ್ಚುವುದರಲ್ಲೂ ಹಿಂದೆ ಬಿದ್ದವು, ಚಿಕಿತ್ಸೆಯ ಕೈಕೆಲಸದಲ್ಲೂ ಹಿಂದೆ ಬಿದ್ದವು. ಯಾಕೆ ಅನ್ನುವುದನ್ನೂ ಆ ಸಂಶೋಧಕರು ಹುಡುಕಿದರು. ಆ ತಂಡದವರು ತಮಗೆ ಗೊತ್ತಿದ್ದದ್ದನ್ನು ಒಬ್ಬರಿಗೊಬ್ಬರು ಹೇಳುವುದು ಕಡಿಮೆಯಾಗಿತ್ತು. ಸಹಾಯ ಕೇಳುವುದೂ ಕಡಿಮೆಯಾಗಿತ್ತು. ಇದನ್ನು ಓದಿದ ದಿನ ನಾನು ಆ ಪುಟವನ್ನು ಪ್ರಿಂಟ್ ತೆಗೆದು ನಮ್ಮ ಇನ್‌ಚಾರ್ಜ್ ಸಿಸ್ಟರ್ ಟೇಬಲ್ ಮೇಲೆ ಇಟ್ಟುಬಂದೆ. ನಮ್ಮ ಓಟಿಯ ಕಥೆಯನ್ನು ಯಾರೋ ದೂರದಲ್ಲಿ ಕೂತು ಅಳೆದು ಬರೆದ ಹಾಗಿತ್ತು.

ನಮ್ಮಲ್ಲಿ ಒಬ್ಬ ಸರ್ಜನ್ ಇದ್ದರು. ಕೈ ಬಹಳ ಚೆನ್ನಾಗಿತ್ತು, ಅದನ್ನು ಯಾರೂ ಅಲ್ಲ ಅನ್ನುವುದಿಲ್ಲ. ಹೊರಗೆ ಸಿಕ್ಕರೆ ನಗುನಗುತ್ತಾ ಮಾತಾಡುವವರು. ನನ್ನ ತಂದೆಗೆ ಹುಷಾರಿಲ್ಲದಾಗ ತಾವಾಗಿಯೇ ಬಂದು ವಿಚಾರಿಸಿದ್ದರು. ಕೇಸ್ ಸ್ವಲ್ಪ ಕಷ್ಟವಾದರೆ ಸಾಕು, ಎದುರಿಗೆ ಯಾರಿದ್ದರೆ ಅವರ ಮೇಲೆ ಬೀಳುತ್ತಿದ್ದರು. ಲೈಟ್ ಸರಿ ಇಲ್ಲದಿದ್ದರೂ ನರ್ಸ್, ರಕ್ತನಾಳ ಸುಟ್ಟು ಮುಚ್ಚುವ ಕಾಟರಿ ಕೆಲಸ ಮಾಡದಿದ್ದರೂ ನರ್ಸ್. ಕೇಸ್ ಮುಗಿದ ಮೇಲೆ ಅವರಿಗೆ ಅದರ ನೆನಪೇ ಇರುತ್ತಿರಲಿಲ್ಲ. ಅದೇ ನಮಗೆ ಇನ್ನೂ ಕಷ್ಟವಾಗುತ್ತಿತ್ತು. ಅವರಿಗೆ ಅದು ಬಂದು ಹೋದ ಮಾತು, ನಮಗೆ ಮನೆಗೆ ಹೊತ್ತುಕೊಂಡು ಹೋಗುವ ಮಾತು.

ಒಂದು ದಿನ ಅವರದೇ ಕೇಸ್, ಹೊಟ್ಟೆಯ ಆಪರೇಷನ್. ನಾನು ಅವತ್ತು ಸ್ಕ್ರಬ್ ಆಗಿರಲಿಲ್ಲ, ಅಂದರೆ ಕೈ ತೊಳೆದು ಗ್ಲೌಸ್ ಹಾಕಿ ಟೇಬಲ್ ಪಕ್ಕ ನಿಂತಿರಲಿಲ್ಲ. ಅದೇ ಕೋಣೆಯಲ್ಲಿ ಟೇಬಲ್‌ನಿಂದ ಆಚೆಗಿನ ಕೆಲಸ ನೋಡುತ್ತಿದ್ದೆ. ಸ್ಕ್ರಬ್ ಆದದ್ದು ನನಗಿಂತ ಚಿಕ್ಕವಳು, ತುಂಬಾ ಚುರುಕಾದ ಹುಡುಗಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಆಪರೇಷನ್ ಶುರುವಾಗುವ ಮೊದಲು ಮಾಪ್, ಗಾಜ್, ಸೂಜಿ, ಉಪಕರಣ ಎಲ್ಲವನ್ನೂ ಇಬ್ಬರು ನರ್ಸ್‌ಗಳು ಜೊತೆಗೆ ಎಣಿಸಿ ಬೋರ್ಡಿನ ಮೇಲೆ ಬರೆಯುತ್ತೇವೆ. ಹೊಟ್ಟೆ ಮುಚ್ಚುವ ಮೊದಲು ಇನ್ನೊಮ್ಮೆ ಎಣಿಸುತ್ತೇವೆ, ಚರ್ಮ ಹೊಲಿಯುವಾಗ ಮತ್ತೊಮ್ಮೆ. ಲೆಕ್ಕ ಕೂಡದಿದ್ದರೆ ಮುಚ್ಚುವ ಹಾಗಿಲ್ಲ, ಕಮ್ಮಿಯಾದದ್ದು ಹೊಟ್ಟೆಯೊಳಗೇ ಉಳಿದಿರಬಹುದು.

ಅವತ್ತು ಕೇಸ್ ಉದ್ದವಾಗಿತ್ತು. ಸರ್ಜನ್ ಆಗಲೇ ಆ ಹುಡುಗಿಗೆ ಚೆನ್ನಾಗಿ ಬೈದಿದ್ದರು. ಮುಚ್ಚುವ ಹೊತ್ತಿಗೆ ಅವಳು ಮಾಪ್ ಎಣಿಸಿದಳು. ಮತ್ತೆ ಎಣಿಸಿದಳು. ಆಮೇಲೆ ನನ್ನ ಕಡೆ ನೋಡಿದಳು. ಮಾಸ್ಕ್ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ಅಷ್ಟರಲ್ಲಿ ಸರ್ಜನ್ ಹೊಲಿಗೆಗೆ ಕೈ ಚಾಚಿದ್ದರು, ಅವಳು ಸೂಜಿ ಕೊಡಲು ಕೈ ಎತ್ತಿದ್ದಳು. ನಾನು 'ಕೌಂಟ್ ಆಯ್ತಾ?' ಅಂತ ಎಲ್ಲರಿಗೂ ಕೇಳುವ ಹಾಗೆ ಕೇಳಿದೆ. ಆಗ ಬಾಯಿ ಬಿಟ್ಟಳು. 'ಒಂದು ಕಮ್ಮಿ ಇದೆ, ಸಿಸ್ಟರ್.' ಅವಳು ಹೇಳಿದ್ದು ನನಗೆ. ಅವಳ ಎದುರಿಗೇ, ಕೈಗೆ ಕೈ ತಾಗುವಷ್ಟು ಹತ್ತಿರ ನಿಂತಿದ್ದವರಿಗೆ ಹೇಳಲಿಲ್ಲ.

ಮಾಪ್ ಸಿಕ್ಕಿತು. ರೋಗಿಗೆ ಹೊದಿಸುವ ಡ್ರೇಪ್ ಬಟ್ಟೆಯ ಮಡಿಕೆಯಲ್ಲಿ ಜಾರಿ ಕೆಳಗೆ ಸೇರಿಕೊಂಡಿತ್ತು. ರೋಗಿಗೆ ಏನೂ ಆಗಲಿಲ್ಲ. ಆದರೆ ನಾನು ಆ ಕ್ಷಣವನ್ನು ಮರೆತಿಲ್ಲ. ಆ ಹುಡುಗಿಗೆ ನಿಯಮ ಬಾಯಿಪಾಠ ಇತ್ತು. ಪರೀಕ್ಷೆಯಲ್ಲಿ ಕೇಳಿದರೆ ಪೂರ್ತಿ ಅಂಕ ತೆಗೆಯುತ್ತಿದ್ದಳು. ಆ ಒಂದು ಮಾತನ್ನು ಆ ಒಬ್ಬ ವ್ಯಕ್ತಿಗೆ ಹೇಳುವ ಧೈರ್ಯ ಮಾತ್ರ ಅವಳಲ್ಲಿ ಉಳಿದಿರಲಿಲ್ಲ. ಆ ಧೈರ್ಯ ಅವತ್ತು ಹೋಗಿದ್ದಲ್ಲ. ಹಿಂದಿನ ಎಷ್ಟೋ ಕೇಸ್‌ಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೋಗಿತ್ತು.

ಆ ಸರ್ಜನ್‌ಗೆ ಇದೆಲ್ಲ ಗೊತ್ತೇ ಆಗುತ್ತಿರಲಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ. ತಮ್ಮ ಓಟಿ ತುಂಬಾ ಶಿಸ್ತಾಗಿದೆ ಅಂತ ಅವರು ನಂಬಿದ್ದರು. ಯಾರೂ ಎದುರು ಮಾತಾಡುವುದಿಲ್ಲ, ಯಾರೂ ಪ್ರಶ್ನೆ ಕೇಳುವುದಿಲ್ಲ, ಎಲ್ಲ ಸುಸೂತ್ರ. ಹೊರಗೆ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಬಂದ ದಿನ ಬೇರೆಯೇ ನಡೆಯುತ್ತಿತ್ತು. ಅವರ ಓಟಿ ದಿನ ಯಾರಿಗೆ ಬಿದ್ದಿದೆಯೋ ಅವರು ಬದಲಿ ಹುಡುಕುತ್ತಿದ್ದರು. ಒಬ್ಬಳು ಎರಡು ನೈಟ್ ಡ್ಯೂಟಿ ಮೈಮೇಲೆ ಹಾಕಿಕೊಂಡು ಆ ಒಂದು ದಿನವನ್ನು ಬೇರೆಯವರಿಗೆ ಕೊಟ್ಟಳು. ಅನುಭವ ಇದ್ದವರು ಉಪಾಯವಾಗಿ ತಪ್ಪಿಸಿಕೊಳ್ಳುತ್ತಿದ್ದರು. ಕೊನೆಗೆ ಅವರ ಕಷ್ಟದ ಕೇಸ್‌ಗಳಿಗೆ ಸಿಗುತ್ತಿದ್ದದ್ದು ಇಲ್ಲ ಅನ್ನಲಾಗದ ಹೊಸಬರು. ಹೊಸಬರು ತಡಬಡಾಯಿಸುತ್ತಿದ್ದರು, ಸರ್ಜನ್‌ಗೆ ಕೋಪ ಬರುತ್ತಿತ್ತು. ಕೋಪ ಬಂದಷ್ಟೂ ಇನ್ನೂ ಹೊಸಬರು.

ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ ಅನ್ನುವವರು 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರು ಅಂದುಕೊಂಡಿದ್ದರು. ಅಂಕಿ ಅಂಶ ನೋಡಿದರೆ ತಿರುಗಾಮುರುಗಾ. ಚೆನ್ನಾಗಿ ಹೊಂದಿಕೊಂಡು ಕೆಲಸ ಮಾಡುವ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಆಮೇಲೆ ವಿಷಯ ಗೊತ್ತಾಯಿತು. ಆ ತಂಡದವರು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದವರು ಮುಚ್ಚಿಡುತ್ತಿದ್ದರು. ನಮ್ಮ ಸರ್ಜನ್ ಓಟಿಯ ದಾಖಲೆಗಳೂ ಸ್ವಚ್ಛವಾಗಿಯೇ ಇದ್ದವು.

ಕೂಗುವವರ ಬಗ್ಗೆಯೇ ಇಷ್ಟು ಬರೆದೆ. ಯಾಕೆಂದರೆ ಅವರು ಬೇಗ ಕಣ್ಣಿಗೆ ಬೀಳುತ್ತಾರೆ. ಮೌನ ಆಗುವವರೂ ಇದ್ದಾರೆ. ಒತ್ತಡ ಜಾಸ್ತಿಯಾದಾಗ ಗಮನ ಒಂದೇ ಕಡೆ ಕಿರಿದಾಗುತ್ತದೆ, ಕೆಲವರಿಗೆ ಪಕ್ಕದಲ್ಲಿ ಅಲಾರಂ ಹೊಡೆದುಕೊಂಡರೂ ಕೇಳಿಸುವುದಿಲ್ಲ. ಅದು ಸೊಕ್ಕಲ್ಲ, ಮೆದುಳು ಕೆಲಸ ಮಾಡುವ ರೀತಿ. ಆದರೆ ಎದುರಿಗಿರುವವರಿಗೆ ಅದು ಕೋಪದ ಹಾಗೆ ಕಾಣುತ್ತದೆ. ಉತ್ತರ ಬರದಿದ್ದರೆ ನಾವೇ ಒಂದು ಉತ್ತರ ಕಟ್ಟಿಕೊಳ್ಳುತ್ತೇವೆ, ಅದು ಯಾವಾಗಲೂ ಕೆಟ್ಟದ್ದೇ ಆಗಿರುತ್ತದೆ. ನಾನೂ ಒತ್ತಡದಲ್ಲಿ ಮಾತು ಕಮ್ಮಿ ಮಾಡುವ ಜಾತಿಯವಳು. ಅದಕ್ಕೆ ಕೇಸ್ ಮೊದಲೇ ಹೊಸಬರಿಗೆ ಹೇಳಿಬಿಡುತ್ತೇನೆ: 'ನಾನು ಸುಮ್ನಾದ್ರೆ ಮನಸ್ಸಲ್ಲಿ ಎಣಿಸ್ತಾ ಇದೀನಿ ಅಂತ ತಿಳ್ಕೊ. ನಿನ್ನ ಮೇಲೆ ಸಿಟ್ಟಿಲ್ಲ. ಏನಾದ್ರೂ ಇದ್ದರೆ ಮೈ ತಟ್ಟಿ ಹೇಳು.' ಇಷ್ಟು ಹೇಳಲು ಅರ್ಧ ನಿಮಿಷ ಸಾಕು.

ಇನ್ನೊಂದು ಥರದವರು ಎಲ್ಲದಕ್ಕೂ 'ಆಯ್ತು ಸರ್, ಸರಿ ಸರ್' ಅನ್ನುವವರು. ಇವರನ್ನು ಎಲ್ಲರೂ ಇಷ್ಟಪಡುತ್ತಾರೆ. ಒತ್ತಡ ಬಂದಾಗ ಇವರು ಇನ್ನೂ ಮೆತ್ತಗಾಗುತ್ತಾರೆ. ಹೇಳಬೇಕಾದ್ದನ್ನು ನೇರ ಹೇಳದೆ ಸುತ್ತಿ ಬಳಸಿ ಹೇಳುತ್ತಾರೆ. 'ಸರ್, ಬ್ಲಡ್ ಒಂದ್ಸಲ ನೋಡೋದಾ?' ಅನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು 'ತರಿಸಿಟ್ಟ ರಕ್ತ ಖಾಲಿಯಾಗ್ತಾ ಬಂತು, ಈಗಲೇ ಬ್ಲಡ್ ಬ್ಯಾಂಕಿಗೆ ಫೋನ್ ಮಾಡ್ಬೇಕು' ಅನ್ನುವ ಮಾತು. ಕೇಳಿಸಿಕೊಳ್ಳುವವರು ಪೂರ್ತಿ ಬೇರೆ ಕಡೆ ಗಮನ ಇಟ್ಟಿರುವಾಗ ಇಂಥ ಸುಳಿವು ತಲುಪುವುದೇ ಇಲ್ಲ.

ವಿಮಾನದವರು ಈ ಪಾಠವನ್ನು ಜೀವ ಕೊಟ್ಟು ಕಲಿತರು. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲೆಂಡ್ ಹತ್ತಿರ ಯುನೈಟೆಡ್ ಏರ್‌ಲೈನ್ಸ್‌ನ ಒಂದು ಡಿಸಿ-8 ವಿಮಾನ ಇಳಿಯಬೇಕಾಗಿತ್ತು. ಒಳಗೆ 189 ಜನ. ಚಕ್ರ ಸರಿಯಾಗಿ ಇಳಿದಿದೆಯೋ ಇಲ್ಲವೋ ಅನ್ನುವ ಅನುಮಾನ ಬಂತು. ಅದನ್ನು ನೋಡಿಕೊಳ್ಳುತ್ತಾ, ಪ್ರಯಾಣಿಕರನ್ನು ತಯಾರು ಮಾಡಿಸುತ್ತಾ ಕ್ಯಾಪ್ಟನ್ ಸುಮಾರು ಒಂದು ಗಂಟೆ ಅಲ್ಲೇ ಸುತ್ತು ಹೊಡೆದರು. ಇಂಧನ ಇಳಿಯುತ್ತಿತ್ತು. ಜೊತೆಗಿದ್ದ ಇಬ್ಬರು ಇಂಧನದ ಲೆಕ್ಕ ಹೇಳುತ್ತಲೇ ಇದ್ದರು. ಆದರೆ 'ಈಗ ಇಳಿಸದಿದ್ದರೆ ಬೀಳುತ್ತೇವೆ' ಅನ್ನುವಷ್ಟು ಗಟ್ಟಿಯಾಗಿ ಯಾರೂ ಹೇಳಲಿಲ್ಲ. ಇಂಧನ ಪೂರ್ತಿ ಮುಗಿದು ವಿಮಾನ ಊರಿನ ಹೊರವಲಯದಲ್ಲಿ ಬಿತ್ತು. 10 ಜನ ಸತ್ತರು. ಚಕ್ರಗಳು ಕೆಳಗಿಳಿದೇ ಇದ್ದವು. ಕ್ಯಾಪ್ಟನ್ ಇಂಧನದ ಕಡೆ ಗಮನ ಕೊಡದಿದ್ದದ್ದು, ಸಹೋದ್ಯೋಗಿಗಳ ಮಾತಿಗೆ ಸ್ಪಂದಿಸದಿದ್ದದ್ದು ಕಾರಣ ಅಂತ ತನಿಖಾ ವರದಿ ಹೇಳಿತು. ಜೊತೆಯವರು ತಮ್ಮ ಆತಂಕವನ್ನು ಮುಟ್ಟಿಸಲಾಗದೆ ಹೋದದ್ದನ್ನೂ ಅದು ಬರೆಯಿತು. ಎರಡೂ ಕಡೆಯ ಹೊಣೆಯನ್ನು ಹೇಳಿದ್ದು ನನಗೆ ಸರಿ ಅನ್ನಿಸುತ್ತದೆ. ಯುನೈಟೆಡ್ ಏರ್‌ಲೈನ್ಸ್ 1981ರಲ್ಲಿ ಕಾಕ್‌ಪಿಟ್ ಸಿಬ್ಬಂದಿಗೆ ಮಾತಿನ ಮತ್ತು ತಂಡದ ಕೆಲಸದ ತರಬೇತಿ ಶುರು ಮಾಡಿತು. ಇವತ್ತು ಅದು ವಿಮಾನಯಾನದಲ್ಲೆಲ್ಲ ಹರಡಿದೆ, ಅಲ್ಲಿಂದ ಆಸ್ಪತ್ರೆಗಳಿಗೂ ಬಂದಿದೆ.

ನಮಗೂ ಆ ತರಬೇತಿ ಸಿಕ್ಕಿತು. ಅದರಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಮೂರು ಮೆಟ್ಟಿಲಿನ ಮಾತು. ಮೊದಲು 'ನನಗೆ ಇದರ ಬಗ್ಗೆ ಆತಂಕ ಇದೆ'. ಕೇಳಿಸಿಕೊಳ್ಳದಿದ್ದರೆ 'ಇದು ನನಗೆ ಸರಿ ಕಾಣ್ತಿಲ್ಲ'. ಆಗಲೂ ಕೇಳದಿದ್ದರೆ 'ಇದು ರೋಗಿಗೆ ಅಪಾಯ, ನಿಲ್ಲಿಸಿ'. ಹೊಸಬರಿಗೆ ನಾನು ಇದನ್ನು ಬಾಯಿಬಿಟ್ಟು ಹೇಳಿಸುತ್ತೇನೆ. ಖಾಲಿ ಓಟಿಯಲ್ಲಿ ನಿಲ್ಲಿಸಿ, ನಾನೇ ಸರ್ಜನ್ ಆಗಿ 'ಸುಮ್ನಿರಿ ಸಿಸ್ಟರ್' ಅಂತ ಗದರುತ್ತೇನೆ. ಆಮೇಲೂ ಎರಡನೇ ಸಲ ಹೇಳಬೇಕು. ಮೊದಮೊದಲು ಎಲ್ಲರ ದನಿಯೂ ಗಂಟಲಲ್ಲೇ ನಿಲ್ಲುತ್ತದೆ. ಬುದ್ಧಿಗೆ ಗೊತ್ತಿದ್ದರೆ ಸಾಲದು, ನಾಲಿಗೆಗೂ ಅಭ್ಯಾಸ ಬೇಕು.

ಆದರೆ ಕೆಳಗಿನವರಿಗೆ ಧೈರ್ಯ ಕಲಿಸಿ ಮೇಲಿನವರನ್ನು ಹಾಗೇ ಬಿಡುವುದು ನ್ಯಾಯ ಅಲ್ಲ. ಮೇಲಿರುವವರು ದಾರಿ ಮಾಡಿಕೊಡಬೇಕು. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ವಿಮಾನದ ಎರಡೂ ಎಂಜಿನ್ ಕೆಟ್ಟಾಗ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿದ್ದು ಎಲ್ಲರಿಗೂ ಗೊತ್ತು. 155 ಜನರೂ ಬದುಕಿದರು. ಕಾಕ್‌ಪಿಟ್‌ನಲ್ಲಿ ದಾಖಲಾದ ಮಾತುಕತೆಯಲ್ಲಿ ನನಗೆ ಹಿಡಿಸಿದ್ದು ಒಂದು ಸಣ್ಣ ಪ್ರಶ್ನೆ. ನೀರಿಗೆ ಇಳಿಯುವ ಕೊನೆಯ ಹೊತ್ತಿನಲ್ಲಿ ಅವರು ಪಕ್ಕದಲ್ಲಿದ್ದ ಕೋ-ಪೈಲಟ್‌ಗೆ, ಬೇರೆ ಏನಾದರೂ ಉಪಾಯ ಇದೆಯಾ ಅಂತ ಕೇಳಿದರು. ಇಲ್ಲ ಅಂತ ಉತ್ತರ ಬಂತು. ಅಷ್ಟೇ. ಅಂಥ ಹೊತ್ತಿನಲ್ಲೂ ಪಕ್ಕದವರಿಗೆ ಮಾತಾಡಲು ಜಾಗ ಕೊಟ್ಟರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ನಮ್ಮಲ್ಲೂ ಹಾಗೆ ಮಾತಾಡುವ ಸರ್ಜನ್ ಮೇಡಂ ಒಬ್ಬರಿದ್ದಾರೆ. ರಕ್ತಸ್ರಾವ ಶುರುವಾದರೆ ಅವರು ತಾವು ನೋಡುತ್ತಿರುವುದನ್ನು ಜೋರಾಗಿ ಹೇಳಲು ಶುರು ಮಾಡುತ್ತಾರೆ. 'ನನಗೆ ಈಗ ಏನೂ ಕಾಣ್ತಿಲ್ಲ. ಒತ್ತಿ ಹಿಡಿದಿದೀನಿ. ಎರಡು ನಿಮಿಷ ಹಿಡೀತೀನಿ, ಅಷ್ಟರಲ್ಲಿ ಬಿಪಿ ನೋಡಿ ಹೇಳಿ. ಸಿಸ್ಟರ್, ಇನ್ನೊಂದು ಸಕ್ಷನ್ ರೆಡಿ ಮಾಡಿ.' ನಾವು ಪ್ರತಿಯೊಬ್ಬರೂ ನಮಗೆ ಹೇಳಿದ್ದನ್ನು ತಿರುಗಿ ಹೇಳುತ್ತೇವೆ. 'ಸಕ್ಷನ್ ರೆಡಿ ಮೇಡಂ.' ಆಮೇಲೆ ಅವರು 'ಯಾರಾದ್ರೂ ನಾನು ನೋಡದೆ ಇರೋದನ್ನ ನೋಡ್ತಿದೀರಾ?' ಅಂತ ಕೇಳುತ್ತಾರೆ. ಒಂದು ಸಲ ಆ ಪ್ರಶ್ನೆಗೆ ಓಟಿ ಅಟೆಂಡರ್ ಉತ್ತರ ಕೊಟ್ಟರು. ಟೇಬಲ್ ಕೆಳಗೆ ಸಕ್ಷನ್ ಪೈಪ್ ಮಡಿಚಿಕೊಂಡಿದೆ ಅಂತ. ಅದನ್ನು ಬಿಡಿಸಿದ ಮೇಲೆ ಎಲ್ಲ ಕಂಡಿತು. ಬೇರೆ ಓಟಿಯಾಗಿದ್ದರೆ ಅವರು ಬಾಯಿ ಬಿಡುತ್ತಿದ್ದರಾ? ನನಗೆ ನಂಬಿಕೆ ಇಲ್ಲ. ಮೇಡಂ ಓಟಿ ದಿನಕ್ಕೆ ಯಾರೂ ಬದಲಿ ಕೇಳುವುದಿಲ್ಲ, ಕೇಸ್ ರಾತ್ರಿವರೆಗೆ ಹೋದರೂ ಗೊಣಗುವುದಿಲ್ಲ.

ಮೇಡಂಗೂ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡಬಾರದು. ದನಿ ಏರುತ್ತದೆ. ಆದರೆ ಅದು ಪೈಪ್ ಮೇಲೆ, ಲೈಟ್ ಮೇಲೆ, ಹೊತ್ತಿನ ಮೇಲೆ. ವ್ಯಕ್ತಿಯ ಮೇಲೆ ಬರುವುದಿಲ್ಲ.

ಇದಕ್ಕೆ ಸ್ವಭಾವ ಒಂದೇ ಸಾಲದು, ವ್ಯವಸ್ಥೆಯೂ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ ಒಂದು ಸುರಕ್ಷತಾ ಪಟ್ಟಿ ತಂದಿತು. ಅದರ ಪ್ರಕಾರ ಚರ್ಮಕ್ಕೆ ಚಾಕು ಹಾಕುವ ಮೊದಲು ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು. ಕಷ್ಟದ ಹಂತ ಯಾವುದು, ಎಷ್ಟು ಹೊತ್ತು ಆಗಬಹುದು, ಎಷ್ಟು ರಕ್ತ ಹೋಗಬಹುದು ಅಂತ ಸರ್ಜನ್ ಮೊದಲೇ ಹೇಳಬೇಕು. ಉಪಕರಣದ ತೊಂದರೆ ಇದ್ದರೆ ನರ್ಸ್ ಆಗ ಹೇಳಬೇಕು. ಬೇರೆ ಬೇರೆ ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತು, ತೊಡಕುಗಳು ಶೇ. 11ರಿಂದ ಶೇ. 7ಕ್ಕೆ ಇಳಿದವು. ಹೆಸರು ಹೇಳುವುದನ್ನು ಕೆಲವರು ಕಾಟಾಚಾರಕ್ಕೆ ಮಾಡುತ್ತಾರೆ, ಅದು ನನಗೆ ಹಿಡಿಸುವುದಿಲ್ಲ. ಕೇಸ್ ಶುರುವಾಗುವ ಮೊದಲೇ ಒಂದು ಸಲ ತನ್ನ ದನಿ ಆ ಕೋಣೆಯಲ್ಲಿ ಕೇಳಿಸಿದ್ದರೆ, ಎರಡನೇ ಸಲ ಬಾಯಿ ತೆರೆಯುವುದು ಹೊಸಬರಿಗೆ ಎಷ್ಟೋ ಸುಲಭ. ಒತ್ತಡದಲ್ಲಿ ಕರೆಯುವಾಗಲೂ 'ಏಯ್, ನೀನು' ಅನ್ನುವ ಬದಲು ಹೆಸರು ಬಾಯಿಗೆ ಬರುತ್ತದೆ.

ನನ್ನ ತಂಗಿ ಸಾಫ್ಟ್‌ವೇರ್‌ನಲ್ಲಿದ್ದಾಳೆ. ಸರ್ವರ್ ಬಿದ್ದ ರಾತ್ರಿ ಅವರ ಕಾಲ್‌ನಲ್ಲೂ ಇದೇ ಕಥೆ ಅನ್ನುತ್ತಾಳೆ. ಮ್ಯಾನೇಜರ್ ಐದು ನಿಮಿಷಕ್ಕೊಮ್ಮೆ 'ಯಾವಾಗ ಸರಿಯಾಗತ್ತೆ?' ಅಂತಾರೆ, ಇನ್ನೊಬ್ಬರು 'ಇದನ್ನ ಯಾರು ಮಾಡಿದ್ದು?' ಅಂತಾರೆ. ಆ ಎರಡನೇ ಪ್ರಶ್ನೆ ಬಂದ ಮೇಲೆ ಎಲ್ಲರೂ ಮೈಕ್ ಮ್ಯೂಟ್ ಮಾಡುತ್ತಾರಂತೆ. ಅವಳ ಈಗಿನ ತಂಡದಲ್ಲಿ ಆ ಪ್ರಶ್ನೆಯನ್ನು ಸಮಸ್ಯೆ ಮುಗಿಯುವವರೆಗೆ ಕೇಳುವ ಹಾಗೇ ಇಲ್ಲ. ಮುಗಿದ ಮೇಲೂ 'ಯಾರು' ಅನ್ನುವುದಕ್ಕಿಂತ 'ಹೇಗೆ ಆಯಿತು' ಅಂತಲೇ ಬರೆಯುತ್ತಾರೆ.

ಆದರೂ ಮಾತು ಜಾರುತ್ತದೆ. ಮನುಷ್ಯರಲ್ವಾ. ಜಾರಿದ ಮೇಲೆ ಏನು ಮಾಡುತ್ತಾರೆ ಅನ್ನುವುದರ ಮೇಲೆ ಸಂಬಂಧ ಉಳಿಯುತ್ತದೋ ಇಲ್ಲವೋ ಗೊತ್ತಾಗುತ್ತದೆ. ಇಲ್ಲಿ ನನ್ನದು ಸ್ವಲ್ಪ ಗಟ್ಟಿ ಅಭಿಪ್ರಾಯ. ಆರು ಜನರ ಮುಂದೆ ಬೈದು, ಆಮೇಲೆ ಕಾರಿಡಾರ್‌ನಲ್ಲಿ ಒಬ್ಬಳೇ ಸಿಕ್ಕಾಗ 'ಬೇಜಾರು ಮಾಡ್ಕೋಬೇಡಿ ಸಿಸ್ಟರ್, ಟೆನ್ಷನ್ ಅಲ್ವಾ' ಅಂದರೆ ನನ್ನ ಲೆಕ್ಕದಲ್ಲಿ ಅದು ಅರ್ಧ ಕೆಲಸ. ಬೈಗುಳ ಕೇಳಿದ ಆ ಆರು ಜನರ ಕಣ್ಣಲ್ಲಿ ಅವಳು ಇನ್ನೂ ತಪ್ಪಿತಸ್ಥೆಯಾಗಿಯೇ ಇರುತ್ತಾಳೆ. 'ಬೇಜಾರು ಮಾಡ್ಕೋಬೇಡಿ' ಅನ್ನುವ ಮಾತೂ ಭಾರವನ್ನು ಮತ್ತೆ ಅವಳ ಮೇಲೇ ಹಾಕುತ್ತದೆ. ಬೇಜಾರು ಮಾಡಿಕೊಳ್ಳದೆ ಇರುವುದು ಈಗ ಅವಳ ಕೆಲಸ ಆಯಿತು.

ನಾನು ಕೇಳಿದ ಒಳ್ಳೆಯ ಕ್ಷಮೆ ಒಬ್ಬ ಅನಸ್ತೇಶಿಯಾ ಡಾಕ್ಟರದ್ದು. ರೋಗಿಯ ಉಸಿರಾಟದ ನಳಿಕೆ ಹಾಕುವುದು ಕಷ್ಟವಾಗಿತ್ತು, ಟೆಕ್ನಿಷಿಯನ್ ಹುಡುಗನ ಮೇಲೆ ರೇಗಿದ್ದರು. ರೋಗಿ ಸುಧಾರಿಸಿದ ತಕ್ಷಣ, ಎಲ್ಲರೂ ಅಲ್ಲೇ ಇರುವಾಗ, ಹುಡುಗನ ಹೆಸರು ಹಿಡಿದು ಕರೆದು ಹೇಳಿದರು: 'ನೀನು ಸರಿಯಾದ ಸೈಜನ್ನೇ ಕೊಟ್ಟಿದ್ದೆ. ನಾನು ಕೂಗಿದ್ದು ತಪ್ಪು. ಮುಂದಿನ ಸಲ ಟ್ಯೂಬ್ ಕೈಗೆ ಕೊಡುವಾಗ ಸೈಜು ಜೋರಾಗಿ ಹೇಳು, ನಾನೂ ತಿರುಗಿ ಹೇಳ್ತೀನಿ.' ಏನು ತಪ್ಪಾಯಿತು ಅಂತ ಹೇಳಿದರು, ಯಾರದ್ದು ಅಂತ ಹೇಳಿದರು, ಮುಂದೆ ಏನು ಮಾಡಬೇಕು ಅಂತಲೂ ಹೇಳಿದರು. ಆ ಹುಡುಗ ಈಗ ಅವರಿಗೆ ಯಾವ ಸಂಕೋಚವೂ ಇಲ್ಲದೆ 'ಸರ್, ಇದು ಬೇಡ, ಆ ಟ್ಯೂಬ್ ತಗೊಳ್ಳಿ' ಅನ್ನುತ್ತಾನೆ. ಅವರೂ ತಗೊಳ್ಳುತ್ತಾರೆ.

ಆಸ್ಪತ್ರೆ ನಡೆಸುವವರು, ಕಂಪನಿ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. 'ಅವರ ಕೈ ಚೆನ್ನಾಗಿದೆ, ಸ್ವಭಾವ ಸ್ವಲ್ಪ ಹಾಗೆ, ಅಡ್ಜಸ್ಟ್ ಮಾಡ್ಕೊಳ್ಳಿ' ಅಂತ ನಮಗೆ ಎಷ್ಟೋ ಸಲ ಹೇಳಿದ್ದಾರೆ. ದೂರು ಬಂದಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಹೆದರಿದವರು ದೂರು ಬರೆಯುವುದಿಲ್ಲ. ರೋಸ್ಟರ್ ನೋಡಿ. ಯಾರ ದಿನಕ್ಕೆ ಜನ ಬದಲಿ ಕೇಳುತ್ತಾರೆ, ಯಾರ ಜೊತೆ ಹಾಕಿದರೆ ರಜಾ ಚೀಟಿ ಬರುತ್ತದೆ, ಯಾರ ತಂಡದಲ್ಲಿ ಯಾವಾಗಲೂ ಹೊಸ ಮುಖಗಳೇ ಇರುತ್ತವೆ ಅಂತ ನೋಡಿ. ನಮ್ಮ ಇನ್‌ಚಾರ್ಜ್ ಸಿಸ್ಟರ್ ಈಗ ಆ ಬದಲಿ ಚೀಟಿಗಳನ್ನು ಎಸೆಯದೆ ಒಂದು ಫೈಲಿನಲ್ಲಿ ಇಡುತ್ತಾರೆ, ತಿಂಗಳ ಮೀಟಿಂಗ್‌ಗೆ ಅದನ್ನೂ ತೆಗೆದುಕೊಂಡು ಹೋಗುತ್ತಾರೆ. ಮೊದಲ ಸಲ ಅದನ್ನು ಟೇಬಲ್ ಮೇಲೆ ಇಟ್ಟಾಗ ಅಡ್ಜಸ್ಟ್ ಮಾಡ್ಕೊಳ್ಳಿ ಅನ್ನುವ ಮಾತು ಬರಲಿಲ್ಲವಂತೆ. ಮುಂದಿನ ತರಬೇತಿಗೆ ನರ್ಸ್‌ಗಳ ಜೊತೆ ಸರ್ಜನ್‌ಗಳ ಹೆಸರನ್ನೂ ಸೇರಿಸಿದ್ದಾರೆ.